ಏಳನೆಯ ಪ್ರಶ್ನೆಗೆ ನಾನು ಬರೆದ ಉತ್ತರ

ನಾನು ನಿಂತಿದ್ದದ್ದು ಪಡಸಾಲೆಯ ಎರಡನೆಯ ಕಂಬದ ಎಡಗಡೆ, ತಲಬಾಗಿಲಿಗೆ ಬೆನ್ನು ಮಾಡಿ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಈ ಸಮಯವನ್ನು ನೆನಪಿನಿಂದ ಹೇಳುತ್ತಿಲ್ಲ. ಕೈಯಲ್ಲಿದ್ದ ಟ್ಯಾಬ್ ಪ್ರತಿ ಉತ್ತರದ ಜೊತೆಗೆ ಸಮಯವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು, ಆಮೇಲೆ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಡುಗಿ ನನ್ನಿಂದ ಎಂಟು ಅಡಿ ದೂರದಲ್ಲಿ, ನನಗೆ ಬೆನ್ನು ಹಾಕಿ ಕೂತಿದ್ದಳು. ಇದೂ ಅಂದಾಜಲ್ಲ. ನೆಲಕ್ಕೆ ಎರಡಡಿಯ ಕಡಪ ಕಲ್ಲು ಹಾಸಿದ್ದರು, ನಮ್ಮಿಬ್ಬರ ನಡುವೆ ನಾಲ್ಕು ಕಲ್ಲುಗಳಿದ್ದವು.

ಅವಳಿಗೆ ಆಗ ನಾಲ್ಕು ತುಂಬಲು ಎರಡು ತಿಂಗಳು ಬಾಕಿ. ಮುಂಗಾರು ಬಿತ್ತನೆಗೆಂದು ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಹುಡುಗಿ ಬರಿಯ ಸಿಪ್ಪೆಗಳನ್ನು ಆರಿಸಿಕೊಂಡು, ಕಲ್ಲಿನ ಸಂದಿನ ಗುಂಟ, ಬೋರಲಾಗದಂತೆ ಒಂದರ ಹಿಂದೆ ಒಂದು ಇಡುತ್ತಿದ್ದಳು. ಸಾಲು ಗೋಡೆ ಮುಟ್ಟಿದ ಮೇಲೆ ತಿರುಗಿ ಮೊದಲಿನಿಂದ ಶುರುಮಾಡುತ್ತಿದ್ದಳು.

ಪಡಸಾಲೆಯಲ್ಲಿ ನಾವು ಐವರಿದ್ದೆವು. ಹುಡುಗಿ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಅವಳ ತಾಯಿ. ಶೇಂಗಾ ರಾಶಿಯ ಮುಂದೆ ಕೂತ ಅಜ್ಜಿ, ಅಂದರೆ ತಾಯಿಯ ಅತ್ತೆ. ನನಗೆ ಮನೆಗಳನ್ನು ತೋರಿಸಲು ಜೊತೆಗೆ ಬಂದಿದ್ದ ಅದೇ ಊರಿನ ಆಶಾ ಕಾರ್ಯಕರ್ತೆ. ಮತ್ತು ನಾನು. ಹುಡುಗಿಯ ತಂದೆ ಕೊಟ್ಟೂರಿನ ತಮ್ಮ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿದ್ದರು. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿ ದಿಕ್ಕಿಗೆ ಹೋಗುವಾಗ ಒಳಗೆ ಸರಿದ ಊರು ಎಂದರೆ ಸಾಕು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಮತದಾರರ ಪಟ್ಟಿ, ಶಾಲೆ ಬಿಟ್ಟ ಮಕ್ಕಳು, ಶೌಚಾಲಯ, ಯಾವ ಎಣಿಕೆ ಬಂದರೂ ನಮಗೇ ಬರುತ್ತದೆ. ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ನಡೆಯತೊಡಗಿದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಈ ಸಮೀಕ್ಷೆಗೆ ನಿಯೋಜನೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಸಣ್ಣ ಮಕ್ಕಳಲ್ಲಿ ಸ್ವಲೀನತೆ, ಅಂದರೆ ಆಟಿಸಂ, ಎಷ್ಟಿದೆ, ಯಾವ ಚಿಕಿತ್ಸೆ ಎಲ್ಲಿ ಬೇಕಾದೀತು ಎಂದು ಸರ್ಕಾರ ತಿಳಿಯಲು ಹೊರಟಿತ್ತು. ಕೂಡ್ಲಿಗಿಯಲ್ಲಿ ಎರಡು ದಿನ ತರಬೇತಿ ಕೊಟ್ಟರು. ಸ್ವಲೀನತೆ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಇಪ್ಪತ್ತೆರಡು ವರ್ಷ ಪಾಠ ಮಾಡಿದವನು, ಅಂಥ ಮಕ್ಕಳು ನನ್ನ ತರಗತಿಗಳಲ್ಲಿ ಇದ್ದಿರಬೇಕು. ಅವರನ್ನು ನಾನು ಏನೆಂದು ಕರೆದಿದ್ದೆ ಎಂಬುದನ್ನು ಆ ಎರಡು ದಿನ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೊಂಡ, ಮಳ್ಳಿ, ಹಟಮಾರಿ.

ಮನೆಗಳಲ್ಲಿ ಆ ಪದ ಎತ್ತಬೇಡಿ, ತಾಯಂದಿರು ಹೆದರುತ್ತಾರೆ ಎಂದಿದ್ದರು. ಹಾಗಾಗಿ ನಾವು ಮಕ್ಕಳ ಬೆಳವಣಿಗೆಯ ಸರ್ವೇ ಎಂದಷ್ಟೇ ಹೇಳುತ್ತಿದ್ದೆವು. ಟ್ಯಾಬಿನಲ್ಲಿ ಇಪ್ಪತ್ತು ಪ್ರಶ್ನೆಗಳು. ಉತ್ತರಗಳೆಲ್ಲ ಸರಿಯಿದ್ದರೆ ಮನೆಯವರ ಮೊಬೈಲಿಗೆ ತಾನಾಗಿಯೇ ಒಂದು ಸಂದೇಶ ಹೋಗುತ್ತಿತ್ತು. ಏಳನೆಯ ಪ್ರಶ್ನೆಯನ್ನು ಅದು ಇದ್ದಂತೆಯೇ ಬರೆಯುತ್ತೇನೆ: ತಾಯಿ ಹೆಸರು ಹಿಡಿದು ಕರೆದಾಗ ಮಗು ತಿರುಗಿ ನೋಡುತ್ತದೆಯೇ? ತಾಯಿಯಿಂದ ಮೂರು ಸಲ ಕರೆಸಿ ನೋಡಬೇಕು. ಹೆಚ್ಚು ತೂಕವಿದ್ದ ಪ್ರಶ್ನೆಗಳಲ್ಲಿ ಅದೂ ಒಂದು. ಅದೊಂದಕ್ಕೆ ಇಲ್ಲ ಎಂದು ಬಂದರೂ ಆ ಮಗುವನ್ನು ಎರಡನೆಯ ಹಂತಕ್ಕೆ, ವೈದ್ಯರ ಮುಂದೆ, ಕಳಿಸಬೇಕಿತ್ತು.

ಮೊದಲ ವಾರವೇ ಆ ಪ್ರಶ್ನೆಯ ಮುಂದೆ ನಾವು ನಿಂತುಬಿಟ್ಟೆವು. ನಾಲ್ಕನೆಯ ಮನೆಯೋ ಐದನೆಯದೋ, ಮಗನನ್ನು ಹೆಸರು ಹಿಡಿದು ಕರೆಯಮ್ಮ ಎಂದರೆ ತಾಯಿ ಸೆರಗನ್ನು ಬಾಯಿಗೆ ಹಿಡಿದು ಸುಮ್ಮನೆ ನಿಂತಳು. ಎರಡು ಸಲ ಹೇಳಿದೆ. ಆಗ ಆಶಾ ಕಾರ್ಯಕರ್ತೆ ನಕ್ಕು, "ಸರ, ಮಾವನ ಹೆಸರು ಇಟ್ಟಾರ್ರಿ ಅದಕ್ಕ. ಅಕಿ ಬಾಯಾಗ ಅದು ಹ್ಯಾಂಗ ಬರತೈತಿ? ಮಗ ಪಾಸಾಗಾಕ ಸೊಸಿ ಫೇಲಾಗಬೇಕೇನು?" ಎಂದಳು.

ಇದು ನನಗೆ ಹೊಸದಲ್ಲ. ನಮ್ಮ ದೊಡ್ಡ ಮಗನಿಗೆ ನನ್ನ ತಂದೆಯ ಹೆಸರಿದೆ. ನನ್ನ ಹೆಂಡತಿ ಅವನನ್ನು ಅಪ್ಪಾಜಿ ಎಂದೇ ಕರೆಯುತ್ತ ಬಂದಿದ್ದಾಳೆ, ಅವನ ಹೆಸರು ಅವಳ ಬಾಯಿಂದ ನಾನು ಕೇಳಿಲ್ಲ. ಕೊಟ್ಟೂರು ಸೀಮೆಯಲ್ಲಂತೂ ಊರ ದೈವವಾದ ಗುರುವಿನ ಹೆಸರಿಲ್ಲದ ಮನೆ ಸಿಗುವುದು ಕಷ್ಟ. ಒಂದೇ ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಅದೇ ಹೆಸರು, ಅಜ್ಜಿಗೂ ಮೊಮ್ಮಗಳಿಗೂ ಅದೇ ಹೆಸರು. ಸೊಸೆಯಾಗಿ ಬಂದವಳು ಆ ಹೆಸರು ಎತ್ತುವುದಿಲ್ಲ. ಗಂಡನೂ ತನ್ನ ತಾಯಿಯ ಹೆಸರು ಹಿಡಿದು ಮಗಳನ್ನು ಕೂಗುವುದಿಲ್ಲ. ಮಗುವಿನ ಹೆಸರು ಜನನ ಪತ್ರದಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ ಇರುತ್ತದೆ. ಮನೆಯಲ್ಲಿ ಅದು ಅವ್ವಿ, ಅಪ್ಪಿ, ತಮ್ಮ.

ಊರಾಚೆಯಿಂದ ಬಂದ ಪ್ರಶ್ನೆಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಸಂಜೆ ಸಮೀಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಟಿಪ್ಪಣಿ ಹಾಕಿದೆ. ನಮ್ಮ ಭಾಗದ ಈ ಪದ್ಧತಿಯನ್ನು ವಿವರಿಸಿ, ಕೊನೆಗೆ ಹೀಗೆ ಬರೆದೆ: ಆದ್ದರಿಂದ ಹಿರಿಯರ ಹೆಸರುಳ್ಳ ಮಗು ಹೆಸರಿಗೆ ತಿರುಗದಿದ್ದರೆ ಅದನ್ನು ಲಕ್ಷಣವೆಂದು ತಿಳಿಯದೆ, ಮನೆಯವರನ್ನು ವಿಚಾರಿಸಿ ಹೌದು ಎಂದು ನಮೂದಿಸಬಹುದು.

ನಮ್ಮ ಮೇಲ್ವಿಚಾರಣೆಯ ಅಧಿಕಾರಿ ಅದನ್ನು ಮೆಚ್ಚಿ, ಐದೂ ತಾಲ್ಲೂಕಿನ ಗುಂಪುಗಳಿಗೆ ಕಳಿಸಿದರು. ಸ್ಥಳೀಯ ತಿಳಿವಳಿಕೆ ಅಂದರೆ ಇದು ಎಂದು ಮೇಲೊಂದು ಸಾಲನ್ನೂ ಸೇರಿಸಿದ್ದರು. ಹಡಗಲಿಯ ಒಬ್ಬ ಶಿಕ್ಷಕಿ ಫೋನ್ ಮಾಡಿ, ನಿಮ್ಮಿಂದ ಕೆಲಸ ಹಗುರವಾಯಿತು ಎಂದರು. ಹರಪನಹಳ್ಳಿಯ ಒಬ್ಬರೂ ಮಾಡಿದರು. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಕೊಂಡೆ.

ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಸಿ ನೋಡಿ ಎಂದು ಬರೆದಿದ್ದರೆ ಸಾಕಿತ್ತು. ಐದೇ ಮಾತು. ಅದು ನನಗೆ ಹೊಳೆಯಲಿಲ್ಲ. ಗುಂಪಿನಲ್ಲಿ ಓದಿದ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದವರು ಹೇಳಲಿಲ್ಲ.

ಆ ಮಂಗಳವಾರದ ಮನೆಯಲ್ಲಿ ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ ಗುರುವಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು ಎಂದು ಹುಡುಗಿಗೆ ಗುರುವಿನ ಹೆಸರು ಇಟ್ಟಿದ್ದರು. ಅಜ್ಜಿಗೂ ಅದೇ ಹೆಸರು. ತಾಯಿ ಕರೆಯಲಾರಳೆಂದು ಗೊತ್ತಿದ್ದುದರಿಂದ ನಾನೇ ಕರೆದೆ. ತರಗತಿಯಲ್ಲಿ ಹಾಜರಿ ಕೂಗುವ ಗಂಟಲಿನಲ್ಲಿ, ಒಂದೇ ಸಲ.

ಹುಡುಗಿಯ ಕೈ ನಿಲ್ಲಲಿಲ್ಲ. ಶೇಂಗಾ ರಾಶಿಯ ಮುಂದಿನಿಂದ ಅಜ್ಜಿ ಕತ್ತು ಹೊರಳಿಸಿ, "ಓ, ಏನ್ರಿ ಮಾಸ್ತರ?" ಎಂದರು.

ನಾವೆಲ್ಲ ನಕ್ಕೆವು. ಆಶಾ ಕಾರ್ಯಕರ್ತೆ, "ಯಮ್ಮಾ, ನಿನ್ನಲ್ಲ, ನಿನ್ನ ಮೊಮ್ಮಗಳನ್ನ ಕರದಿದ್ದು. ನಿನಗೇನು ನಾಕು ವರ್ಷ ಏನು?" ಎಂದಳು. ಅಜ್ಜಿ, "ಸರ್ಕಾರದವ್ರು ಕರದ್ರ ಯಾರರ ಒಬ್ರು ಓ ಅನಬೇಕಲ್ಲಬೇ," ಎಂದರು. ಅದಕ್ಕೂ ನಕ್ಕೆವು. ನಗದಿದ್ದವರು ಇಬ್ಬರು. ಹುಡುಗಿ ನಗಲಿಲ್ಲ, ನಗುವಿನ ಸದ್ದಿಗೆ ತಿರುಗಲೂ ಇಲ್ಲ. ಅದನ್ನು ನಾನು ನೋಡಿದೆ. ಅವಳ ತಾಯಿ ನಗಲಿಲ್ಲ. ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದು, "ಸರ, ಬರೇ ಹೆಸರಿಗಷ್ಟ ಅಲ್ರಿ. ನಾ ಅವ್ವೀ ಅಂದ್ರೂನು..." ಎಂದಳು.

ಅಜ್ಜಿ ನಡುವೆ ಬಂದರು. "ಸುಮ್ನಿರು. ನನ್ನ ಮಗನೂ ಐದು ತುಂಬಾತನ ಮಾತಾಡಿದ್ದಿಲ್ಲ. ಈಗ ಅಂಗಡ್ಯಾಗ ಕುಂತು ನಾಕು ಊರಿಗೆ ಆಗೋವಷ್ಟು ಮಾತಾಡ್ತಾನ."

ತಾಯಿ ಒಂದು ಹೆಜ್ಜೆ ಹಿಂದೆ ಹೋದಳು. ಅವಳ ಮಾತಿನ ಮೊದಲರ್ಧ ನನ್ನ ಕಿವಿಗೆ ಬಿದ್ದಿತ್ತು. ಕೇಳಿಸಲಿಲ್ಲ ಎಂದು ನಾನು ಹೇಳಲಾರೆ. ಉಳಿದರ್ಧ ಏನಮ್ಮಾ ಎಂದು ಕೇಳಬಹುದಿತ್ತು. ಅದೇ ಬೀದಿಯಲ್ಲಿ ಇನ್ನೂ ಆರು ಮನೆಗಳಿದ್ದವು, ಬಿಸಿಲು ಏರುತ್ತಿತ್ತು, ಮತ್ತು ಈ ಪ್ರಶ್ನೆಯ ಮಟ್ಟಿಗೆ ಎಲ್ಲರಿಗಿಂತ ಹೆಚ್ಚು ತಿಳಿದವನು ನಾನು ಎಂಬ ಭಾವನೆ ನನ್ನಲ್ಲಿತ್ತು. ಹೌದು ಎಂದು ಒತ್ತಿದೆ. ಉಳಿದ ಪ್ರಶ್ನೆಗಳನ್ನು ಅಜ್ಜಿಗೆ ಕೇಳಿದೆ, ಅಜ್ಜಿ ಎಲ್ಲಕ್ಕೂ ಚೆನ್ನಾಗಿಯೇ ಹೇಳಿದರು. ಹನ್ನೊಂದು ಹತ್ತೊಂಬತ್ತಕ್ಕೆ ಸಲ್ಲಿಸು ಎಂಬುದನ್ನು ಒತ್ತಿದೆ. ಕೊಟ್ಟೂರಿನ ಅಂಗಡಿಯಲ್ಲಿದ್ದ ತಂದೆಯ ಮೊಬೈಲಿಗೆ ಸಂದೇಶ ಹೋಯಿತು: ನಿಮ್ಮ ಮಗುವಿನ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಇದೆ.

ದಸರಾ ರಜೆಯಲ್ಲಿ ಎರಡನೆಯ ಹಂತ ನಡೆಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಶಾಲೆಯ ಕಟ್ಟಡ ತೆಗೆದುಕೊಂಡಿದ್ದರು, ಎರಡು ದಿನಕ್ಕೆ ವೈದ್ಯರ ತಂಡ ಬಂದಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಕ್ಕಳನ್ನು ನೋಂದಾಯಿಸಿಕೊಳ್ಳುವ ಮೇಜಿಗೆ ನನ್ನನ್ನು ಹಾಕಿದ್ದರು. ಮಕ್ಕಳು ರಸ್ತೆಗೆ ಓಡದಿರಲಿ ಎಂದು ವರಾಂಡದ ಕಬ್ಬಿಣದ ಗೇಟಿಗೆ ಬೀಗ ಹಾಕಿಸಿದ್ದೆವು.

ಮೊದಲ ದಿನ ಒಂಬತ್ತೂವರೆಗೆ ಆ ತಾಯಿ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಆಶಾ ಕಾರ್ಯಕರ್ತೆ ಜೊತೆಗಿದ್ದಳು, ಶಿಬಿರದ ಸುದ್ದಿ ತಿಳಿಸಿದ್ದೂ ಅವಳೇ. ಹುಡುಗಿ ಇನ್ನೂ ಒಂದು ಮಾತೂ ಆಡಿರಲಿಲ್ಲ. ಹಂಪಸಾಗರದ ಹತ್ತಿರದ ತವರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಾಳೆ, ಕತ್ತಲಾಗುವ ಮೊದಲು ತವರು ಸೇರಬೇಕು, ಇಲ್ಲದಿದ್ದರೆ ಅಣ್ಣ ಅವಳ ಗಂಡನಿಗೆ ಫೋನ್ ಮಾಡುತ್ತಾನೆ ಎಂದು ಆಶಾ ಕಾರ್ಯಕರ್ತೆ ನನಗೆ ತಗ್ಗಿದ ದನಿಯಲ್ಲಿ ಹೇಳಿದಳು.

ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಕೆಳಗಿನಿಂದ ಮೇಲೆ ನೋಡಿದೆ. ಹೆಸರು ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಆ ತಾಯಿಗೂ ಗೊತ್ತಿತ್ತು. ಅವಳು ಗೋಡೆಯ ಬದಿಯ ಬೆಂಚಿಗೆ ಹೋಗಿ ಕೂತಳು.

ಒಳಗೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳ ಬಳಿ ಹೋದೆ. ಅವಳು ತೆರೆದು ತೋರಿಸಿದಳು. ಆ ಮನೆ, ಆ ಮಂಗಳವಾರ, ಏಳನೆಯ ಪ್ರಶ್ನೆ, ಹೌದು, ಹನ್ನೊಂದು ಹತ್ತು. ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ ಎಂದಳು. ಹೊಸದಾಗಿ ಸೇರಿಸಲು ನೋಡಿದಳು, ಈ ಮಗು ಈಗಾಗಲೇ ನೋಂದಣಿಯಾಗಿದೆ ಎಂದು ಕೆಂಪಕ್ಷರದಲ್ಲಿ ಬಂತು. ನನ್ನ ಸಲುವಾಗಿ ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅದೇ ಬಂತು.

ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ. ಆ ಎರಡು ದಿನ ಅವರು ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ಬಾಗಿಲು ಮುಂದೆ ಮಾಡಿ, ಕೂತುಕೊಳ್ಳಿ ಎಂದರು. "ಒಂದು ತಿದ್ದಿದ್ರ, ಉಳಿದವು ಹೆಂಗದಾವು ಅಂತ ಕೇಳ್ತಾರ. ಆಗ ನಿಮ್ಮ ಟಿಪ್ಪಣಿ ಹೊರಗ ಬರತೈತಿ. ಅದನ್ನ ಐದು ತಾಲ್ಲೂಕಿಗೆ ಕಳಿಸಿದವ ನಾನು. ಇಡೀ ಕೆಲಸ ಬಿದ್ದುಹೋದ್ರ, ಈ ಹೊರಗ ಕುಂತ ಮಕ್ಕಳದ್ದೂ ಹೋತು. ಹೇಳ್ರಿ, ಏನು ಮಾಡೋಣ?"

ಅವರು ನಿಜವಾಗಿಯೂ ಕೇಳುತ್ತಿದ್ದರು. ಮೇಜಿನ ಮೇಲಿದ್ದ ಹಾಳೆ ತೆಗೆದುಕೊಂಡು, ಇಂಥ ಮನೆಯಲ್ಲಿ ಏಳನೆಯ ಪ್ರಶ್ನೆಗೆ ನಾನು ಬರೆದ ಉತ್ತರ ತಪ್ಪು, ಮಗು ತಿರುಗಲಿಲ್ಲ ಎಂದು ಬರೆದು, ಸಹಿ ಮಾಡಿ ಕೊಟ್ಟೆ. ಅವರು ಎರಡು ಸಲ ಓದಿದರು. ಮಡಚಿ ನನ್ನ ಅಂಗಿಯ ಜೇಬಿಗೆ ತಾವೇ ಇಟ್ಟರು. ಇದು ನಿಮ್ಮ ಹತ್ತಿರವೇ ಇರಲಿ, ನಾನು ಓದಿದ್ದೇನೆ ಎಂದರು.

ಹೊರಗೆ ಬಂದಾಗ ಮೈಕಿನಲ್ಲಿ ಸಂಖ್ಯೆ ಕೂಗುತ್ತಿದ್ದರು. ಪ್ರತಿ ಸಲ ಕೂಗಿದಾಗಲೂ ಹುಡುಗಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಾಗಾದರೆ ಅವಳಿಗೆ ಕೇಳಿಸುತ್ತದೆ ಎಂದು ನನಗೆ ತಿಳಿದದ್ದು ಆಗ. ಅವಳು ಬೆಂಚಿನಿಂದ ಇಳಿದು ಗೇಟಿನ ಬಳಿ ಹೋದಳು. ಹಣೆಯನ್ನು ಮೊದಲ ಸರಳಿಗೆ ಬಡಿದಳು, ಆಮೇಲೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ, ಒಂದೂ ಬಿಡದಂತೆ ಸಾಗಿದಳು. ತಾಯಿ ಪಕ್ಕಪಕ್ಕಕ್ಕೆ ಸರಿಯುತ್ತ, ಪ್ರತಿ ಸರಳಿಗೂ ಹಣೆಗೂ ನಡುವೆ ತನ್ನ ಅಂಗೈ ಇಡುತ್ತ ಹೋದಳು. ಕೊನೆಯ ಸರಳು ಮುಟ್ಟಿದ ಮೇಲೆ ಇಬ್ಬರೂ ಹಿಂದಕ್ಕೆ ಬಂದರು. ಇದು ಮಧ್ಯಾಹ್ನದವರೆಗೆ ನಡೆಯಿತು. ನನ್ನ ಮೇಜು ಗೇಟಿಗೆ ಎದುರಾಗಿತ್ತು, ಎದ್ದು ಹೋಗುವಂತಿರಲಿಲ್ಲ. ಬಂದವರ ಹೆಸರು ಕೇಳುತ್ತ, ಬರೆಯುತ್ತ, ನಡುನಡುವೆ ತಲೆಯೆತ್ತಿ ನೋಡುತ್ತ ಕೂತೆ. ಗೇಟು ತೆಗೆಸಿ ಹೋಗಿಬಿಡಿ ಎನ್ನಲು ಎರಡು ಸಲ ಎದ್ದು, ಎರಡು ಸಲವೂ ಕೂತೆ.

ಊಟದ ವೇಳೆಗೆ ಒಬ್ಬ ವೈದ್ಯೆ ಕೈ ತೊಳೆಯಲು ಹೊರಗೆ ಬಂದವರು ಆ ಇಬ್ಬರನ್ನು ನೋಡಿ ನಿಂತರು. ಯಾರನ್ನೂ ಏನೂ ಕೇಳದೆ ವರಾಂಡದ ನೆಲದ ಮೇಲೆ ಕೂತರು. ಮೈಕ್ ನಿಲ್ಲಿಸಲು ಹೇಳಿದರು. ಕಾಲು ಗಂಟೆ, ಸ್ವಲ್ಪ ಹೆಚ್ಚೇ ಇರಬಹುದು, ಹುಡುಗಿಯನ್ನು ನೋಡುತ್ತ, ತಾಯಿಯನ್ನು ಕೇಳುತ್ತ ಕೂತಿದ್ದರು. ಆ ತಾಯಿ ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಅವಳು ಎಲ್ಲವನ್ನೂ ಗಮನಿಸಿದ್ದಳು. ಯಾವ ತಿಂಗಳಲ್ಲಿ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡುವುದನ್ನು ಬಿಟ್ಟಿತು, ಯಾವ ಸದ್ದಿಗೆ ಅಳುತ್ತದೆ, ಯಾವ ಬಟ್ಟೆ ಮೈಮೇಲೆ ಇಟ್ಟುಕೊಳ್ಳುವುದಿಲ್ಲ, ಅವ್ವೀ ಎಂದು ಎಷ್ಟು ಸಲ ಕರೆದರೂ ಹೇಗೆ ತಿರುಗುವುದಿಲ್ಲ. ಮೇ ತಿಂಗಳಲ್ಲಿ ಪಡಸಾಲೆಯಲ್ಲಿ ನಿಂತು ನಾನು ಕೇಳಬೇಕಾಗಿದ್ದ ಇಪ್ಪತ್ತೂ ಪ್ರಶ್ನೆಗಳ ಉತ್ತರ ಅದರಲ್ಲಿತ್ತು.

ವೈದ್ಯೆ ನಿಧಾನವಾಗಿ ತಿಳಿಸಿದರು. ಆ ಪದವನ್ನು ಅವರು ಅವಳ ಮುಂದೆ ಎತ್ತಿದರು. ಇದು ನಿನ್ನಿಂದ ಆದದ್ದಲ್ಲ, ಯಾರ ಶಾಪವೂ ಅಲ್ಲ, ಗುಳಿಗೆಯಿಂದ ಹೋಗುವುದಲ್ಲ. ಮಾತು ಕಲಿಸುವ, ಆಟದಿಂದ ಕಲಿಸುವ ತರಬೇತಿ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ವಾರ ತೋರಿಸಿ ಶುರುಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, ಈಗಾಗಲೇ ತಡವಾಗಿದೆ ಎಂದರು. ತಾಯಿ ಅಳಲಿಲ್ಲ. ಒಂದು ಚೀಟಿ ಬರೆದುಕೊಡಿ ಎಂದು ಕೇಳಿದಳು. ಪಟ್ಟಿಯಲ್ಲಿ ಇಲ್ಲದವರಿಗೆ ಇಲ್ಲಿಂದ ಏನನ್ನೂ ಬರೆದುಕೊಡುವಂತಿಲ್ಲ ಎಂದರು ವೈದ್ಯೆ. ಹಾಗೆ ಹೇಳುವಾಗ ಅವರು ನನ್ನ ಕಡೆ ನೋಡಿದರು. ನೋಡಿದರೆಂದು ನನಗೆ ಅನ್ನಿಸಿತು.

ತಾಯಿಯೂ ನನ್ನ ಕಡೆಗೇ ತಿರುಗಿದಳು. ದನಿ ಏರಿಸಲಿಲ್ಲ.

"ಬಾಯಿಮಾತು ನಮ್ಮನ್ಯಾಗ ನಡಿಯಂಗಿಲ್ರಿ ಸರ. ನಿಮ್ಮ ಮೆಸೇಜ್ ಐತಲ್ರಿ, ಅದನ್ನ ಅವರು ಅಳಿಸಿಲ್ಲ. ನಾ ಏನರ ಅಂದ್ರ ಫೋನ್ ತಗದು ಅದನ್ನ ಓದ್ತಾರ. ಸರ್ಕಾರದವ್ರು ಮನಿಗೆ ಬಂದು ನೋಡಿ ಆರಾಮ್ ಅದಾಳ ಅಂತ ಬರಕಂಡು ಹೋಗ್ಯಾರ, ನೀನೇನು ಸರ್ಕಾರಕ್ಕಿಂತ ಶ್ಯಾಣೇಕಿ ಏನು ಅಂತಾರ. ಮೊದಲಾದ್ರ ಬರೇ ಜಗಳಾಡ್ತಿದ್ದೆ. ಈಗ ಅದೂ ಆಗಂಗಿಲ್ಲ."

ಗೇಟು ತೆಗೆಸಿದೆ. ಮೂರು ಗಂಟೆಯ ಬಸ್ಸಿಗೆ ಅವರು ಹಂಪಸಾಗರದ ಕಡೆಗೆ ಹೋದರು.

ಎಂಟು ದಿನಗಳ ನಂತರ, ಭಾನುವಾರ, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆ ಮನೆಗೆ ಹೋದೆ. ಹೋಗುವ ದಾರಿಯಲ್ಲಿ ಅವಳು ಎರಡು ಸಲ ಎಚ್ಚರಿಸಿದಳು: ಶಿಬಿರದ ಮಾತು ಬಾಯಿಗೆ ಬರಬಾರದು, ಬಂದರೆ ಆ ಹೆಣ್ಣುಮಗಳು ಇನ್ನೊಮ್ಮೆ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ನನ್ನ ತಪ್ಪನ್ನು ಹೇಳಬೇಕು, ಅದು ನನಗೆ ಹೇಗೆ ತಿಳಿಯಿತೆಂದು ಹೇಳಬಾರದು.

ತಂದೆ ಮನೆಯಲ್ಲಿದ್ದರು. ಆದರದಿಂದ ಕೂಡಿಸಿ ಚಹಾ ತರಿಸಿದರು. ಬೇಸಿಗೆಯಲ್ಲಿ ಬರೆದುಕೊಂಡು ಹೋದದ್ದು ಮನಸ್ಸಿಗೆ ಸರಿಬರಲಿಲ್ಲ, ಒಂದು ಉತ್ತರ ತಪ್ಪಾಗಿದೆ, ಮಗುವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಎಂದೆ. ಅವರು ಮೊದಲು ನಕ್ಕರು. ಆಮೇಲೆ ಫೋನ್ ತೆಗೆದು, ಬಹಳ ಹುಡುಕದೆ, ಆ ಸಂದೇಶವನ್ನು ನನ್ನ ಮುಂದೆ ಹಿಡಿದರು.

"ಸರ, ಇದು ಸರ್ಕಾರದ್ದು. ಇದರ ಮ್ಯಾಲೆ ನಿಮ್ಮ ಹೆಸರಿಲ್ಲ. ತಪ್ಪಾಗೇತಿ ಅಂದ್ರ ಇನ್ನೊಂದು ಮೆಸೇಜ್ ಬರ್ಲಿ, ನಾಳಿನ ಕರ್ಕಂಡು ಹೋಗ್ತೀನಿ."

ಜೇಬಿನಿಂದ ಆ ಹಾಳೆ ತೆಗೆದು ಕೊಟ್ಟೆ. ಅವರು ಓದಿ, ತಿರುಗಿಸಿ ಹಿಂಬದಿ ನೋಡಿ, ಸೀಲ್ ಇಲ್ಲವಲ್ಲ ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಕಾಗದಪತ್ರ ನೋಡಿ ವ್ಯವಹಾರ ಮಾಡುವವರು ಸಹಜವಾಗಿ ಕೇಳುವಂತೆ ಕೇಳಿದರು. ಮಗಳಿಗೆ ಏನೂ ಆಗಿಲ್ಲ ಎಂದು ಬರೆದ ಒಂದು ಸಾಲು ಅವರ ಕೈಯಲ್ಲಿತ್ತು. ಅದನ್ನು ಬಿಟ್ಟುಕೊಡಿ ಎಂದು ಕೇಳಲು ನಾನು ಬಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು. ಹುಡುಗಿ ಗೋಡೆಯ ಬದಿಗೆ, ನಮಗೆಲ್ಲ ಬೆನ್ನು ಹಾಕಿ, ಚಾಪೆಯ ಅಂಚಿನ ಎಳೆ ಎಳೆಯುತ್ತಿದ್ದಳು. ಚಹಾ ತಣ್ಣಗಾಗಿತ್ತು, ಕುಡಿದೆ.

ಆಗ ಅಜ್ಜಿ ಎದ್ದರು. ಮಂಡಿನೋವಿನಿಂದ ಏಳಲು ಅವರಿಗೆ ಹೊತ್ತು ಹಿಡಿಯಿತು. ಕಂಬ ಹಿಡಿದು ನಿಂತು, ಮೊಮ್ಮಗಳ ಬೆನ್ನಿನ ಕಡೆ ನೋಡುತ್ತ, ತಮ್ಮದೇ ಹೆಸರನ್ನು ಕೂಗಿದರು. ತನ್ನ ಹೆಸರನ್ನು ತಾನೇ ಹಾಗೆ ಕೂಗುವ ಹಿರಿಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಕೂಗಿದರು. ಆಮೇಲೆ ಅವ್ವೀ ಎಂದರು, ನನ್ನವ್ವೀ ಎಂದರು. ಆಮೇಲೆ ಮತ್ತೆ ಹೆಸರು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಹುಡುಗಿ ಚಾಪೆಯ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಅಜ್ಜಿ ಮಗನಿಗೆ ಹೇಳಿದರು. "ಅವತ್ತು ಮಾಸ್ತರು ಕರದಾಗ ನಾ ಓ ಅಂದದ್ದು ನಗಿಚಾಟಿಗಲ್ಲಪ್ಪಾ. ಕೂಸು ತಿರುಗಂಗಿಲ್ಲ ಅಂತ ನನಗ ಗೊತ್ತಿತ್ತು. ಯಾರರ ಒಬ್ರು ತಿರುಗ್ಲಿ ಅಂತ ಅಂದೆ. ಇಕಿ ಹೇಳಾಕ ಬಂದ್ಲು, ಇಕಿ ಬಾಯಿ ಮುಚ್ಚಿಸಿದೆ. ಆ ಫೋನ್ ಒಳಗಿಡು."

ತಂದೆ ಫೋನನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ತೊಡೆಯ ಮೇಲೆ ಬೋರಲು ಇಟ್ಟುಕೊಂಡರು. ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಯಾವ ವಾರ ಹೋಗಬೇಕು ಎಂದು ಕೇಳಿದರು. ನನ್ನನ್ನಲ್ಲ, ಹೆಂಡತಿಯನ್ನು ಕೇಳಿದರು. ಅವಳು ಕೂಡಲೇ ಹೇಳಿದಳು. ಅದು ಅವಳಿಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಅವರಿಗೆ ಹೊಳೆದಿತ್ತೋ ಇಲ್ಲವೋ ನಾನು ಹೇಳಲಾರೆ.

ಅವರು ಹೋದರು. ಈಗಲೂ ಹೋಗುತ್ತಾರೆ. ಹುಡುಗಿ ನೀರು ಬೇಕಾದರೆ ತಾಯಿಯ ಕೈ ಹಿಡಿದು ಕೊಡದ ಹತ್ತಿರ ಕರೆದೊಯ್ದು "ನೀ" ಎನ್ನುತ್ತಾಳಂತೆ. ಬೇಸಿಗೆಯಲ್ಲೇ ಶುರುವಾಗಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಅಲ್ಲಿಯ ತರಬೇತುದಾರರನ್ನು ಕೇಳಿದೆ. ಹಾಗೆ ಲೆಕ್ಕ ಹಾಕಲು ಬರುವುದಿಲ್ಲ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ನಿಜವೇ ಹೇಳಿದ್ದೋ ತಿಳಿಯದು.

ಗುಂಪಿಗೆ ಎರಡನೆಯ ಟಿಪ್ಪಣಿ ಹಾಕಲು ಹೋದೆ. ಸಮೀಕ್ಷೆ ಮುಗಿದದ್ದರಿಂದ ಅಲ್ಲಿ ಅಧಿಕಾರಿಗಳು ಮಾತ್ರ ಬರೆಯಬಹುದು ಎಂದು ಮಾಡಿದ್ದರು. ನನ್ನ ಮೊದಲ ಟಿಪ್ಪಣಿ ಅಲ್ಲಿ ಇನ್ನೂ ಹಾಗೆಯೇ ಇದೆ, ಮೇಲಿನ ಆ ಮೆಚ್ಚುಗೆಯ ಸಾಲಿನ ಸಮೇತ. ಹಡಗಲಿಯ ಶಿಕ್ಷಕಿಗೆ ಫೋನ್ ಮಾಡಿ ಹೇಳಿದೆ. ಅವರು, ಇಬ್ಬರು ಮಕ್ಕಳು ನೆನಪಿಗೆ ಬರುತ್ತಿದ್ದಾರೆ ಎಂದರು. ಇಬ್ಬರ ಮನೆಗೂ ಹೋಗಿಬಂದರು. ಒಂದು ಮನೆಯವರು ಗುಳೆ ಹೋಗಿದ್ದಾರೆ, ಎಲ್ಲಿಗೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹರಪನಹಳ್ಳಿಯವರಿಗೆ ವರ್ಗವಾಗಿದೆ, ಹಳೆಯ ಸಂಖ್ಯೆಗೆ ಅವರು ಸಿಗುವುದಿಲ್ಲ. ಉಳಿದ ಸಮೀಕ್ಷಕರ ಹೆಸರುಗಳು ನನ್ನ ಬಳಿ ಇಲ್ಲ. ಐದು ತಾಲ್ಲೂಕಿನಲ್ಲಿ ಆ ಬೇಸಿಗೆ ಎಷ್ಟು ಪಡಸಾಲೆಗಳಲ್ಲಿ ನನ್ನ ಮಾತು ನಂಬಿ ಹೌದು ಎಂದು ಒತ್ತಿದರೋ, ಅದನ್ನು ತಿಳಿಯುವ ದಾರಿ ನನಗೆ ಸಿಕ್ಕಿಲ್ಲ. ವರದಿ ಮೇಲಕ್ಕೆ ಹೋಯಿತು. ಅದರೊಳಗೆ ಈ ಹುಡುಗಿ ಇವತ್ತಿಗೂ ಕರೆದರೆ ತಿರುಗುತ್ತಾಳೆ.

ನಾನು ಬರೆದುಕೊಟ್ಟ ಹಾಳೆಯನ್ನು ಯಾರೂ ತೆಗೆದುಕೊಳ್ಳಲಿಲ್ಲವಾದ್ದರಿಂದ ಇದನ್ನು ಇಷ್ಟು ಉದ್ದ ಬರೆದಿದ್ದೇನೆ. ಇದರಲ್ಲಿ ತಪ್ಪಿದ್ದರೆ ಕೇಳಬಹುದಾದವರಿದ್ದಾರೆ. ಅಜ್ಜಿ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಅವರ ಹೆಸರು ಈಗ ಆ ಮನೆಯಲ್ಲಿ ಮೊಮ್ಮಗಳಿಗೆ ಮಾತ್ರ ಉಳಿದಿದೆ. ಸೊಸೆ ಈಗಲೂ ಅದನ್ನು ಎತ್ತುವುದಿಲ್ಲ. ಆ ಮಂಗಳವಾರ ಹನ್ನೊಂದು ಹತ್ತಕ್ಕೆ ಪಡಸಾಲೆಯಲ್ಲಿದ್ದು ನೋಡಿದವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವರು ಮೂವರು. ಆಶಾ ಕಾರ್ಯಕರ್ತೆ, ಅದೇ ಊರಿನಲ್ಲಿ, ಅದೇ ಕೆಲಸದಲ್ಲಿದ್ದಾಳೆ. ಹುಡುಗಿ. ಮತ್ತು ಅವಳ ತಾಯಿ, ಅವತ್ತು ಅರ್ಧಕ್ಕೆ ನಿಂತ ಮಾತನ್ನು ಈಗ ಯಾರು ಕೇಳಿದರೂ ಪೂರ್ತಿ ಹೇಳುತ್ತಾಳೆ.